ಗೌಡಿಯೋ ಗೂಡಿಯೋ: ಹಳೆಯ ಬೇಸ್‌ಬಾಲ್ ಕಾರ್ಡುಗಳ ಹೆಸರುಗಳನ್ನು ಉಚ್ಚರಿಸಲು ಒಂದು ಸಮಗ್ರ ಮಾರ್ಗದರ್ಶಿ

1933ರಲ್ಲಿ ಬಾಸ್ಟನ್ ನಗರದ ಒಂದು ಚೂಯಿಂಗ್ ಗಮ್ ಕಂಪನಿ ತನ್ನ ಗಮ್ಮಿನ ಪೊಟ್ಟಣದೊಳಗೆ ಬೇಸ್‌ಬಾಲ್ ಆಟಗಾರರ ಬಣ್ಣದ ಚಿತ್ರವಿರುವ ರಟ್ಟಿನ ಕಾರ್ಡುಗಳನ್ನು ಇಟ್ಟು ಮಾರಿತು. ಆ ಸರಣಿಯ ಬಹುಪಾಲು ಕಾರ್ಡುಗಳ ಮುಂಬದಿಯಲ್ಲಿ, ಕೆಂಪು ಪಟ್ಟಿಯ ಮೇಲೆ, ‘ಬಿಗ್ ಲೀಗ್ ಚೂಯಿಂಗ್ ಗಮ್’ ಎಂದು ಅಚ್ಚಾಗಿದೆಯೇ ಹೊರತು ಕಂಪನಿಯ ಹೆಸರಿಲ್ಲ. ಕಾರ್ಡನ್ನು ತಿರುವಿದರೆ ಬೆನ್ನಿನ ಕೆಳಭಾಗದಲ್ಲಿ, ಹಸಿರು ಶಾಯಿಯ ಸಣ್ಣ ಅಕ್ಷರಗಳಲ್ಲಿ, ಆ ಹೆಸರು ಸಿಗುತ್ತದೆ: ಜಿ, ಓ, ಯು, ಡಿ, ಇ, ವೈ. ಇಂಗ್ಲಿಷಿನಲ್ಲಿ ಓ ಮತ್ತು ಯು ಅಕ್ಕಪಕ್ಕ ಬಂದಾಗ ‘ಲೌಡ್’ ಎಂಬಲ್ಲಿ ಔ ಆಗುತ್ತದೆ, ‘ಸೂಪ್’ ಎಂಬಲ್ಲಿ ಊ ಆಗುತ್ತದೆ, ‘ಸೋಲ್’ ಎಂಬಲ್ಲಿ ಓ ಆಗುತ್ತದೆ. ಹಾಗಾಗಿ ಈ ಆರು ಅಕ್ಷರಗಳನ್ನು ಗೌಡಿ ಎಂದೂ ಗೂಡಿ ಎಂದೂ ಗೋಡಿ ಎಂದೂ ಓದಬಹುದು. ಸಂಗ್ರಾಹಕರ ನಡುವೆ ಹೆಚ್ಚಾಗಿ ಕಿವಿಗೆ ಬೀಳುವುದು ಗೌಡಿ. ಗೂಡಿ ಎನ್ನುವವರೂ ಇದ್ದಾರೆ, ಅವರಲ್ಲಿ ನಲವತ್ತು ವರ್ಷ ಈ ಕಾರ್ಡುಗಳನ್ನೇ ಕೊಂಡು ಮಾರಿದವರೂ ಇದ್ದಾರೆ.

ಅಮೆರಿಕಕ್ಕೆ ಬಂದು ನೆಲೆಸಿದ ಕನ್ನಡಿಗರು ಮಕ್ಕಳ ಒತ್ತಾಯಕ್ಕೋ ತಮ್ಮದೇ ಕುತೂಹಲಕ್ಕೋ ಈ ಹವ್ಯಾಸಕ್ಕೆ ಇಳಿದಾಗ, ಕಾರ್ಡಿನ ಬೆಲೆ, ಅಂಚಿನ ಸವೆತ, ನಕಲಿಯ ಗುರುತು ಇವನ್ನೆಲ್ಲ ಪುಸ್ತಕದಿಂದ ಕಲಿತುಬಿಡುತ್ತಾರೆ. ಹೆಸರುಗಳ ಉಚ್ಚಾರಣೆ ಮಾತ್ರ ಪುಸ್ತಕದಲ್ಲಿ ಸಿಗುವುದಿಲ್ಲ. ಕಾರ್ಡು ಮಾರುವ ಪ್ರದರ್ಶನದಲ್ಲಿ ಮೇಜಿನ ಮುಂದೆ ನಿಂತು ಬಾಯಿ ತೆರೆಯಬೇಕಾದಾಗ ತಡವರಿಸುವಂತಾಗುತ್ತದೆ. ಆ ತಡವರಿಕೆಯನ್ನು ದಾಟಿದ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಹೆಸರು ಎಲ್ಲಿಂದ ಹುಟ್ಟಿತೆಂದು ಗೊತ್ತಾದರೆ ಉಚ್ಚಾರಣೆಯ ಮುಕ್ಕಾಲು ಭಾಗ ತಾನಾಗಿ ಬಗೆಹರಿಯುತ್ತದೆ, ಉಳಿದ ಕಾಲು ಭಾಗವನ್ನು ಕಿವಿಯಿಂದಲೇ ಕಲಿಯಬೇಕು ಎಂಬುದು ನನ್ನ ಅನುಭವ.

ಮೊದಲ ಹಂತ: ಯಾವ ಹೆಸರನ್ನು ಹೇಳಬೇಕೆಂದು ಗೊತ್ತುಮಾಡಿಕೊಳ್ಳುವುದು

ಒಂದೇ ಕಾರ್ಡಿಗೆ ಮೂರು ನಾಲ್ಕು ಹೆಸರುಗಳು ಅಂಟಿಕೊಂಡಿರುತ್ತವೆ. 1909ರಿಂದ 1911ರವರೆಗೆ ಸಿಗರೇಟು ಪ್ಯಾಕುಗಳಲ್ಲಿ ಬಂದ ಒಂದು ಕಾರ್ಡನ್ನು ಕೈಗೆತ್ತಿಕೊಳ್ಳಿ. ಅದರ ಅಗಲ ಒಂದೂವರೆ ಇಂಚಿಗೂ ತುಸು ಕಡಿಮೆ, ಉದ್ದ ಎರಡೂವರೆ ಇಂಚಿಗಿಂತ ತುಸು ಹೆಚ್ಚು. ಅಂಗೈಯಲ್ಲಿ ಇಟ್ಟರೆ ಬೆಂಕಿಪೊಟ್ಟಣದ ಚಿತ್ರದ ನೆನಪಾಗುತ್ತದೆ. ಬೆನ್ನಿನ ಮೇಲೆ ‘ಪೀಡ್‌ಮಾಂಟ್, ದಿ ಸಿಗರೆಟ್ ಆಫ್ ಕ್ವಾಲಿಟಿ’ ಎಂದಿದೆ, ಅದರ ಕೆಳಗೆ ವರ್ಜೀನಿಯಾದ 25ನೆಯ ನಂಬರಿನ ಕಾರ್ಖಾನೆಯ ಉಲ್ಲೇಖವಿದೆ. ಪೀಡ್‌ಮಾಂಟ್ ಎಂಬುದು ಸಿಗರೇಟಿನ ಬ್ರ್ಯಾಂಡು. ಅದರ ಒಡೆತನವಿದ್ದದ್ದು ಅಮೆರಿಕನ್ ಟೊಬ್ಯಾಕೊ ಕಂಪನಿಗೆ, ಆದರೆ ಆ ಹೆಸರು ಈ ಬೆನ್ನಿನ ಮೇಲಿಲ್ಲ. ಸಂಗ್ರಾಹಕರು ಈ ಕಾರ್ಡನ್ನು ಕರೆಯುವುದು ಇವೆರಡೂ ಅಲ್ಲದ ಮೂರನೆಯ ಹೆಸರಿನಿಂದ: ಟಿ206. ಅದು ಕಾರ್ಡಿನ ಮೇಲೆ ಎಲ್ಲಿಯೂ ಅಚ್ಚಾಗಿಲ್ಲ.

ಆದ್ದರಿಂದ ಉಚ್ಚರಿಸುವ ಮೊದಲು ಸರಣಿಯ ಹೆಸರು ಯಾವುದು, ಬ್ರ್ಯಾಂಡು ಯಾವುದು, ಕಂಪನಿ ಯಾವುದು ಎಂದು ಬಿಡಿಸಿಕೊಳ್ಳಬೇಕು. ತಂಬಾಕಿನ ಕಾರ್ಡುಗಳಲ್ಲಿ ಸಂಖ್ಯೆಯನ್ನು ಹೇಳಿ, ಅನಂತರ ಬೆನ್ನಿನ ಬ್ರ್ಯಾಂಡನ್ನು ಹೇಳುವುದು ರೂಢಿ. ಗಮ್ಮಿನ ಕಾರ್ಡುಗಳಲ್ಲಿ ಸಂಖ್ಯೆಯನ್ನು ಬಿಟ್ಟು ಕಂಪನಿಯ ಹೆಸರನ್ನೇ ಹೇಳುತ್ತಾರೆ. 1933ರ ಗೌಡಿ ಸರಣಿಗೂ ಆರ್319 ಎಂಬ ಸಂಖ್ಯೆಯಿದೆ, ಮಾತಿನಲ್ಲಿ ಅದನ್ನು ಬಳಸುವವರು ಕಡಿಮೆ.

ಎರಡನೆಯ ಹಂತ: ಅಕ್ಷರವನ್ನೂ ಅಂಕಿಯನ್ನೂ ಸರಿಯಾಗಿ ನುಡಿಯುವುದು

ಈ ಸಂಖ್ಯೆಗಳನ್ನು ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್. ಅವರ ಪಟ್ಟಿ ಮೊದಲು ಅಚ್ಚಾದದ್ದು 1939ರಲ್ಲಿ, ಮುಂದೆ ಅದೇ ‘ಅಮೆರಿಕನ್ ಕಾರ್ಡ್ ಕ್ಯಾಟಲಾಗ್’ ಎಂದು ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದ ತಂಬಾಕಿನ ಕಾರ್ಡಿಗೆ ಎನ್, ಇಪ್ಪತ್ತನೆಯ ಶತಮಾನದ ತಂಬಾಕಿಗೆ ಟಿ, ಆರಂಭಕಾಲದ ಮಿಠಾಯಿ ಮತ್ತು ಗಮ್ಮಿಗೆ ಇ, ಅನಂತರದ ಮಿಠಾಯಿ ಮತ್ತು ಗಮ್ಮಿಗೆ ಆರ್, ಬೇಕರಿಯವರ ಕಾರ್ಡಿಗೆ ಡಿ, ಪತ್ರಿಕೆಗಳವರ ಕಾರ್ಡಿಗೆ ಎಮ್ ಎಂದು ಅವರು ವಿಂಗಡಿಸಿದರು. 1963ರಲ್ಲಿ ತೀರಿಕೊಳ್ಳುವ ಮೊದಲು ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು ಮತ್ತು ಮುದ್ರಿತ ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಿದ್ದರು. ಆ ಮನುಷ್ಯನ ಪಟ್ಟಿ ಇಂದಿಗೂ ಈ ಹವ್ಯಾಸದ ಮಾತಿಗೆ ವ್ಯಾಕರಣವಿದ್ದಂತೆ.

ಟಿ206 ಅನ್ನು ‘ಟೀ ಟೂ ಓ ಸಿಕ್ಸ್’ ಎನ್ನಬೇಕು. ಸೊನ್ನೆಗೆ ‘ಝೀರೋ’ ಎಂದರೆ ತಪ್ಪೇನೂ ಆಗದು, ಆದರೆ ಎದುರಿನವರು ಒಂದು ಕ್ಷಣ ನಿಂತು ಯೋಚಿಸುತ್ತಾರೆ. ‘ಟೂ ಹಂಡ್ರೆಡ್ ಅಂಡ್ ಸಿಕ್ಸ್’ ಎಂದು ಯಾರೂ ಅನ್ನುವುದಿಲ್ಲ. ಎನ್172 ಎಂಬುದು ‘ಎನ್ ಒನ್ ಸೆವೆಂಟಿ-ಟೂ’. ಮೂರಂಕಿಯನ್ನು ಒಂದು ಮತ್ತು ಎರಡಾಗಿ ಒಡೆಯುವುದು ಸಾಮಾನ್ಯ ಕ್ರಮ. ಇ90-1 ಎಂಬಲ್ಲಿ ನಡುವಿನ ಗೆರೆಯನ್ನೂ ನುಡಿಯಬೇಕು: ‘ಈ ನೈಂಟಿ ಡ್ಯಾಶ್ ಒನ್’. ಇ90-2 ಎಂಬ ಬೇರೆಯದೇ ಸರಣಿ ಇರುವುದರಿಂದ ಡ್ಯಾಶನ್ನೂ ಅದರ ಮುಂದಿನ ಅಂಕಿಯನ್ನೂ ನುಂಗುವಂತಿಲ್ಲ.

ಇಲ್ಲಿ ಕನ್ನಡದ ನಾಲಿಗೆಗೆ ಎರಡು ತೊಡಕುಗಳಿವೆ. ನಮ್ಮಲ್ಲಿ ಪದದ ಮೊದಲಲ್ಲಿ ಬರುವ ‘ಎ’ ಮತ್ತು ‘ಈ’ ಎಂಬ ಸ್ವರಗಳಿಗೆ ಮಾತಿನಲ್ಲಿ ಯಕಾರ ಸೇರಿಬಿಡುತ್ತದೆ. ಎಲೆ ಎಂಬುದು ಯೆಲೆಯಾಗುವ ಹಾಗೆ ಎನ್ ಎಂಬುದು ‘ಯೆನ್’ ಆಗುತ್ತದೆ, ಎಮ್ ಎಂಬುದು ‘ಯೆಮ್’ ಆಗುತ್ತದೆ. ಫೋನಿನಲ್ಲಿ ಮಾತನಾಡುವಾಗ ಇದು ಗೊಂದಲಕ್ಕೆ ದಾರಿ. ಎರಡನೆಯದು ‘ಡಬಲ್’ ಮತ್ತು ‘ಟ್ರಿಪಲ್’ ಎಂಬ ನಮ್ಮ ಅಭ್ಯಾಸ. ಡಬ್ಲ್ಯೂ555 ಎಂಬ ಸರಣಿಯನ್ನು ಬೆಂಗಳೂರಿನವರು ಸಹಜವಾಗಿ ‘ಡಬ್ಲ್ಯೂ ಟ್ರಿಪಲ್ ಫೈವ್’ ಎನ್ನುತ್ತಾರೆ. ಅಮೆರಿಕದವರಿಗೆ ಅದು ‘ಡಬ್ಲ್ಯೂ ಫೈವ್ ಫಿಫ್ಟಿ-ಫೈವ್’.

ವರ್ಷವನ್ನು ಹೇಳುವ ಬಗೆ ಸುಲಭ. ಶತಮಾನವನ್ನು ಬಿಟ್ಟು ಕೊನೆಯ ಎರಡಂಕಿಯನ್ನು ಹೇಳಿ, ಒಡನೆಯೇ ಹೆಸರನ್ನು ಸೇರಿಸುತ್ತಾರೆ: ‘ಥರ್ಟಿ-ತ್ರೀ ಗೌಡಿ’, ‘ಫಿಫ್ಟಿ-ಟೂ ಟಾಪ್ಸ್’. ನಡುವೆ ‘ಆಫ್’ ಮುಂತಾದ ಯಾವ ಪದವೂ ಬರುವುದಿಲ್ಲ.

ಮೂರನೆಯ ಹಂತ: ಮನೆತನದ ಹೆಸರುಗಳು

ಹಳೆಯ ಕಂಪನಿಗಳಿಗೆ ಸ್ಥಾಪಕರ ಮನೆತನದ ಹೆಸರೇ ಹೆಸರು. ಇಂಥ ಹೆಸರುಗಳಲ್ಲಿ ಇಂಗ್ಲಿಷ್ ಕಾಗುಣಿತವನ್ನು ನಂಬುವುದಕ್ಕಿಂತ ಆ ಮನೆತನದವರು ತಮ್ಮನ್ನು ಏನೆಂದು ಕರೆದುಕೊಂಡರು, ಆ ಊರಿನವರು ಈಗಲೂ ಏನೆಂದು ಕರೆಯುತ್ತಾರೆ ಎಂದು ವಿಚಾರಿಸುವುದು ಸರಿಯಾದ ದಾರಿ.

ಇದಕ್ಕೆ ಒಳ್ಳೆಯ ನಿದರ್ಶನ ವರ್ಜೀನಿಯಾದ ರಿಚ್ಮಂಡ್ ನಗರದ ಅಲೆನ್ ಅಂಡ್ ಗಿಂಟರ್ ಕಂಪನಿ. ಇವರು 1887ರಲ್ಲಿ ಸಿಗರೇಟಿನೊಂದಿಗೆ ಕೊಟ್ಟ 50 ಕಾರ್ಡುಗಳ ಸರಣಿಯಲ್ಲಿ ಬಾಕ್ಸಿಂಗ್ ಪಟುಗಳು, ಗುರಿಕಾರರು, ದೋಣಿ ನಡೆಸುವವರು ಇವರೊಂದಿಗೆ ಹತ್ತು ಬೇಸ್‌ಬಾಲ್ ಆಟಗಾರರೂ ಇದ್ದರು. ಎರಡನೆಯ ಹೆಸರಿನಲ್ಲಿ ಜಿ ಅಕ್ಷರದ ಮುಂದೆ ಐ ಇರುವುದರಿಂದ ‘ಜಿನ್’ ಎಂಬ ಮದ್ಯದ ಹೆಸರಿನ ಜಾಡು ಹಿಡಿದು ‘ಜಿಂಟರ್’ ಎಂದು ಓದುವವರು ಸಂಗ್ರಾಹಕರಲ್ಲಿ ಬಹಳ ಮಂದಿ. ಆದರೆ ಲೂಯಿಸ್ ಗಿಂಟರ್ ಹುಟ್ಟಿದ್ದು ನ್ಯೂಯಾರ್ಕಿಗೆ ವಲಸೆ ಬಂದ ಡಚ್ ಮೂಲದ ಮನೆಯಲ್ಲಿ, ಮನೆತನದ ಮೂಲ ಹೆಸರು ಗ್ಯುಂಟರ್ ಎಂಬುದಕ್ಕೆ ಹತ್ತಿರವಾದದ್ದು. ಅದರಲ್ಲಿ ಜಕಾರಕ್ಕೆ ಎಡೆಯೇ ಇಲ್ಲ. ರಿಚ್ಮಂಡಿನಲ್ಲಿ ಇಂದಿಗೂ ಗಿಂಟರ್ ಪಾರ್ಕ್ ಎಂಬ ಬಡಾವಣೆಯಿದೆ, ಅವರ ಹೆಸರಿನ ಸಸ್ಯೋದ್ಯಾನವಿದೆ, ಊರಿನವರು ಅವನ್ನು ಗಕಾರದಿಂದಲೇ ಕರೆಯುತ್ತಾರೆ. 2006ರಲ್ಲಿ ಟಾಪ್ಸ್ ಕಂಪನಿ ಇದೇ ಹೆಸರಿನಲ್ಲಿ ಹೊಸ ಕಾರ್ಡುಗಳನ್ನು ತಂದ ಮೇಲೆ ಜಿಂಟರ್ ಎನ್ನುವವರ ಸಂಖ್ಯೆ ಹೆಚ್ಚಾಯಿತೆಂದು ನನಗೆ ತೋರುತ್ತದೆ. ಹೊಸಬರು ಅದನ್ನು ಅಂಗಡಿಯ ಡಬ್ಬಿಯ ಮೇಲೆ ಓದಿದರು, ಯಾರ ಬಾಯಿಂದಲೂ ಕೇಳಲಿಲ್ಲ.

ಬೋಮನ್ ಎಂಬ ಹೆಸರೂ ಹೀಗೆಯೇ ದಾರಿ ತಪ್ಪಿಸುತ್ತದೆ. ಫಿಲಡೆಲ್ಫಿಯಾದ ಜೇಕಬ್ ವಾರನ್ ಬೋಮನ್ ಸ್ಥಾಪಿಸಿದ ಈ ಗಮ್ ಕಂಪನಿ 1948ರಿಂದ 1955ರವರೆಗೆ ತನ್ನ ಹೆಸರಿನಲ್ಲಿ ಬೇಸ್‌ಬಾಲ್ ಕಾರ್ಡುಗಳನ್ನು ತಂದಿತು, 1956ರಲ್ಲಿ ಟಾಪ್ಸ್ ಅದನ್ನು ಕೊಂಡುಕೊಂಡಿತು. ಬಿ, ಓ, ಡಬ್ಲ್ಯೂ ಎಂಬ ಮೂರಕ್ಷರಕ್ಕೆ ಇಂಗ್ಲಿಷಿನಲ್ಲಿ ಎರಡು ಓದುಗಳಿವೆ: ತಲೆಬಾಗುವುದಕ್ಕೆ ‘ಬೌ’, ಬಿಲ್ಲಿಗೆ ‘ಬೋ’. ಬೋಮನ್ ಎಂದರೆ ಬಿಲ್ಲುಗಾರ. ತಲೆಬಾಗುವವನಲ್ಲ, ಬಿಲ್ಲು ಹಿಡಿದವನು ಎಂದು ಒಮ್ಮೆ ಮನಸ್ಸಿನಲ್ಲಿ ಕೂತರೆ ಮತ್ತೆ ‘ಬೌಮನ್’ ಎಂದು ಬಾಯಿಗೆ ಬರುವುದಿಲ್ಲ.

ಫಿಲಡೆಲ್ಫಿಯಾದ್ದೇ ಆದ ಇನ್ನೊಂದು ಗಮ್ ಕಂಪನಿ ಫ್ಲೀರ್. ಸ್ಥಾಪಕರು ಫ್ರ್ಯಾಂಕ್ ಫ್ಲೀರ್. 1928ರಲ್ಲಿ ಇಲ್ಲಿನ ಲೆಕ್ಕಪತ್ರದ ನೌಕರ ವಾಲ್ಟರ್ ಡೀಮರ್ ಗುಳ್ಳೆ ಊದಬಲ್ಲ ಬಬಲ್ ಗಮ್ಮನ್ನು ಕಂಡುಹಿಡಿದರು. ಹೆಸರನ್ನು ಈಕಾರವನ್ನು ಎಳೆದು ಫ್ಲೀರ್ ಎನ್ನಬೇಕು. ಇದರಲ್ಲಿ ಏಕಾರ ತಂದರೆ ಏನಾಗುತ್ತದೆಂದು ನಾನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ಕಾರ್ಡು ಪ್ರದರ್ಶನದಲ್ಲಿ ಟೆಡ್ ವಿಲಿಯಮ್ಸ್ ಎಂಬ ಆಟಗಾರನ ಮೇಲೆ ಇವರು 1959ರಲ್ಲಿ ತಂದ ಸರಣಿಯ ಕಾರ್ಡು ಬೇಕೆಂದು ‘ಫ್ಲೇರ್ ಇದೆಯೇ’ ಎಂದು ಕೇಳಿದೆ. ಮೇಜಿನ ಹಿಂದಿದ್ದ ಹಿರಿಯರು ಬಗ್ಗಿ, ಕೆಳಗಿನ ಪೆಟ್ಟಿಗೆಯಿಂದ ಮಿರಮಿರನೆ ಹೊಳೆಯುವ ದಪ್ಪ ಕಾರ್ಡುಗಳ ಕಟ್ಟೊಂದನ್ನು ತೆಗೆದು ನನ್ನ ಮುಂದಿಟ್ಟರು. 1993ರಲ್ಲಿ ಅದೇ ಕಂಪನಿ ‘ಫ್ಲೇರ್’ ಎಂಬ ಹೆಸರಿನಲ್ಲಿ ದುಬಾರಿ ಕಾರ್ಡುಗಳನ್ನು ಹೊರತಂದಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು. ನನ್ನ ಒಂದು ಸ್ವರ ಮೂವತ್ತನಾಲ್ಕು ವರ್ಷ ಆಚೆ ಹೋಗಿ ಬಿದ್ದಿತ್ತು.

ಇನ್ನು ಗೌಡಿ. ಕೆನಡಾದ ನೋವಾ ಸ್ಕೋಶಿಯಾ ಮೂಲದ ಈನಸ್ ಗೋರ್ಡನ್ ಗೌಡಿ 1919ರಲ್ಲಿ ಬಾಸ್ಟನ್ನಿನಲ್ಲಿ ಈ ಕಂಪನಿಯನ್ನು ಆರಂಭಿಸಿದರು. ಕನ್ನಡಿಗರಿಗೆ ಈ ಹೆಸರಿನಲ್ಲಿ ಒಂದು ಅನುಕೂಲವಿದೆ. ಉತ್ತರ ಕರ್ನಾಟಕದಲ್ಲಿ ಬಸನಗೌಡ, ಗೌಡರ್ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಔಕಾರಕ್ಕೆ ಓ ಮತ್ತು ಯು ಹಾಕುವುದು ವಾಡಿಕೆ. ಆ ಕಾಗುಣಿತವನ್ನು ಶಾಲೆಯ ಹಾಜರಿ ಪುಸ್ತಕದಲ್ಲೂ ಪಹಣಿಯಲ್ಲೂ ನೋಡಿ ಬೆಳೆದ ಕಣ್ಣು ಜಿ-ಓ-ಯು-ಡಿ ಎಂಬುದನ್ನು ಕಂಡೊಡನೆ ಗೌಡ ಎಂದೇ ಓದುತ್ತದೆ. ಅಮೆರಿಕದವರು ತಿಣುಕುವ ಜಾಗದಲ್ಲಿ ಬಿಜಾಪುರದವರು ಸಲೀಸಾಗಿ ಗೆಲ್ಲುತ್ತಾರೆ. ಒಂದೇ ಎಚ್ಚರಿಕೆ ಬೇಕು: ಒತ್ತು ಮೊದಲ ‘ಗೌ’ ಮೇಲೆ ಬಿದ್ದು ‘ಡಿ’ ಹಗುರವಾಗಬೇಕು, ಅದನ್ನು ‘ಗೌಡೇ’ ಎಂದು ಎಳೆಯಬಾರದು.

ಗೌಡಿಯ ಮಾತು ಬಂದಾಗ ಆಟಗಾರನ ಹೆಸರೊಂದು ಹಿಂಬಾಲಿಸಿ ಬರುತ್ತದೆ. 1933ರ ಸರಣಿ 240ರವರೆಗೆ ಇದೆಯೆಂದು ಕಾರ್ಡಿನ ಬೆನ್ನೇ ಹೇಳುತ್ತಿದ್ದರೂ 106ನೆಯ ಕಾರ್ಡನ್ನು ಆ ವರ್ಷ ಅಚ್ಚು ಹಾಕಲೇ ಇಲ್ಲ. ಅದಕ್ಕಾಗಿ ಮಕ್ಕಳು ಗಮ್ಮು ಕೊಳ್ಳುತ್ತಲೇ ಇದ್ದರು. 1934ರಲ್ಲಿ ಆ ಸಂಖ್ಯೆಯ ಕಾರ್ಡನ್ನು ಅಚ್ಚು ಹಾಕಿ, ಕಾಗದ ಬರೆದು ಕೇಳಿದವರಿಗೆ ಅಂಚೆಯಲ್ಲಿ ಕಳಿಸಿದರು. ಅದರಲ್ಲಿದ್ದವರು ನ್ಯಾಪ್ ಲ್ಯಾಜ್‌ವೇ. ಫ್ರೆಂಚ್ ಮೂಲದ ಈ ಹೆಸರನ್ನು ಕಾಗುಣಿತ ನೋಡಿ ‘ಲಜೋಯಿ’ ಎಂದು ಓದಿದರೆ ಯಾರಿಗೂ ತಿಳಿಯದು. ಬೇಸ್‌ಬಾಲಿನ ರೂಢಿಯಲ್ಲಿ ಅದು ‘ಲ್ಯಾಜ್‌ವೇ’ ಅಥವಾ ‘ಲ್ಯಾಜವೇ’.

ನಾಲ್ಕನೆಯ ಹಂತ: ಕಟ್ಟಿದ ಹೆಸರುಗಳು

ಕೆಲವು ಹೆಸರುಗಳು ಯಾವ ಮನೆತನದ್ದೂ ಅಲ್ಲ. ಮಾರಾಟಕ್ಕಾಗಿ ಕೂತು ಕಟ್ಟಿದವು. ಇವನ್ನು ಬಿಡಿಸಿ ನೋಡಿದರೆ ಉಚ್ಚಾರಣೆ ಒಳಗೇ ಇರುತ್ತದೆ. ಮೆಂಫಿಸ್ ನಗರದ ಡಾನ್‌ರಸ್ ಎಂಬುದು ಡೊನಾಲ್ಡ್ ಮತ್ತು ರಸೆಲ್ ಎಂಬ ಅಣ್ಣತಮ್ಮಂದಿರ ಹೆಸರಿನ ಮೊದಲ ತುಂಡುಗಳ ಜೋಡಣೆ. ಡಾನ್ ಮತ್ತು ರಸ್ ಎಂದು ಗೊತ್ತಾದ ಮೇಲೆ ‘ಡೊನ್ರೂಸ್’ ಎಂದು ಹೇಳಲು ಬಾಯಿ ಬಾರದು. ಟಿ206ರ ಬೆನ್ನುಗಳಲ್ಲಿ ಅಪರೂಪವಾದ ‘ಯೂಜ಼ಿಟ್’ ಎಂಬುದನ್ನು ಯು-ಝಡ್-ಐ-ಟಿ ಎಂದು ಬರೆಯುತ್ತಾರೆ. ‘ಬಳಸಿ ನೋಡು’ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬಾಯಲ್ಲಿ ಬೆಸೆದು ಮಾಡಿದ ಹೆಸರು ಅದು, ಆದ್ದರಿಂದ ಅದನ್ನು ‘ಉಜಿತ್’ ಎಂದು ಸಂಸ್ಕೃತದ ಪದದಂತೆ ಓದಬಾರದು.

ಟಾಪ್ಸ್ ಎಂಬುದರಲ್ಲಿ ಕಷ್ಟವೇನೂ ಇಲ್ಲ. ಬ್ರೂಕ್ಲಿನ್ನಿನಲ್ಲಿ ಶೋರಿನ್ ಅಣ್ಣತಮ್ಮಂದಿರು 1938ರಲ್ಲಿ ಆರಂಭಿಸಿದ ಕಂಪನಿ ಅದು. ಕಾಗುಣಿತದಲ್ಲಿ ಪಿ ಎರಡು ಸಲ ಇದ್ದರೂ ನಾವು ಪ್ರತಿದಿನ ಹೇಳುವ ‘ಟಾಪ್’ ಎಂಬ ಪದವೇ ಸಾಕು, ಪಕಾರವನ್ನು ಒತ್ತಿ ‘ಟಾಪ್ಪ್ಸ್’ ಮಾಡುವ ಅಗತ್ಯವಿಲ್ಲ. ಅವರ 1952ರ ಸರಣಿಯನ್ನು ರೂಪಿಸಿದವರ ಹೆಸರು ಸೈ ಬರ್ಗರ್ ಎಂಬುದನ್ನು ಮಾತ್ರ ನೆನಪಿಡಿ. ಎಸ್-ವೈ ಎಂದು ಬರೆದಿರುವುದನ್ನು ‘ಸಿ’ ಎಂದು ಓದುವವರಿದ್ದಾರೆ. ಆ ಸರಣಿಯ 311ನೆಯ ಕಾರ್ಡು, ಮಿಕ್ಕಿ ಮ್ಯಾಂಟಲ್ ಅವರದು, 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು.

ಝೀ-ನಟ್ ಎಂಬುದು ಸ್ಯಾನ್ ಫ್ರಾನ್ಸಿಸ್ಕೋದ ಮಿಠಾಯಿ ಕಂಪನಿಯೊಂದು 1911ರಿಂದ 1938ರವರೆಗೆ ಪಶ್ಚಿಮ ಕರಾವಳಿಯ ಆಟಗಾರರ ಚಿತ್ರ ಹಾಕಿ ತಂದ ಕಾರ್ಡು. ನಾವು ಶಾಲೆಯಲ್ಲಿ ಕೊನೆಯ ಅಕ್ಷರವನ್ನು ‘ಝಡ್’ ಎಂದು ಕಲಿತವರು, ಅಮೆರಿಕದವರಿಗೆ ಅದು ‘ಝೀ’. ಟೀವಿ ವಾಹಿನಿಯ ಪುಣ್ಯದಿಂದ ಝೀ ಎಂಬುದು ಕನ್ನಡದ ಮನೆಗಳಿಗೆ ಈಗ ಹೊಸದಲ್ಲ.

ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ಊರಿನ ಓ-ಪೀ-ಚೀ ಕಂಪನಿಯ ಹೆಸರು ಮಾತ್ರ ಅಮೆರಿಕದ ಮೂಲನಿವಾಸಿಗಳ ಒಜಿಬ್ವೆ ಭಾಷೆಯದು. ರಾಬಿನ್ ಎಂಬ ಹಕ್ಕಿಯ ಹೆಸರು. ಮೂರು ತುಂಡಾಗಿಯೇ ಬರೆಯುವುದರಿಂದ ಓದುವುದು ಸುಲಭ. ಸಂಗ್ರಾಹಕರು ಅವಸರದಲ್ಲಿ ‘ಓ ಪೀ ಸೀ’ ಎಂದು ಮೊದಲಕ್ಷರಗಳನ್ನಷ್ಟೇ ಹೇಳುತ್ತಾರೆ.

ಐದನೆಯ ಹಂತ: ಕಡ ತಂದ ಪದಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಟರ್ಕಿಯ ತಂಬಾಕಿಗೆ ಬಹಳ ಬೇಡಿಕೆಯಿತ್ತು. ಸಿಗರೇಟು ಮಾರುವವರು ಪೂರ್ವದೇಶಗಳ ಹೆಸರುಗಳನ್ನು ಹುಡುಕಿ ಹುಡುಕಿ ಇಟ್ಟರು: ಮೆಕ್ಕಾ, ಫಾತಿಮಾ, ಹಸನ್, ಟರ್ಕಿ ರೆಡ್. ಟಿ206ರಲ್ಲಿ ‘ಹಿಂದೂ’ ಎಂಬ ಬೆನ್ನೂ ಇದೆ. ಅಲ್ಲಿನವರ ಬಾಯಲ್ಲಿ ದಕಾರ ಡಕಾರವಾಗಿ ಅದು ‘ಹಿಂಡೂ’ ಆಗುತ್ತದೆ. ಇದರಲ್ಲಿ ನಮ್ಮ ಉಚ್ಚಾರಣೆಯನ್ನೇ ಉಳಿಸಿಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ, ಎದುರಿನವರಿಗೆ ಅರ್ಥವಾಗದೆ ಹೋಗುವುದಿಲ್ಲ.

ಹಸನ್ ಎಂಬುದರಲ್ಲಿ ಮಾತ್ರ ಕನ್ನಡಿಗರಿಗೆಂದೇ ತೋಡಿದಂಥ ಒಂದು ಗುಂಡಿ ಇದೆ. 1912ರಲ್ಲಿ ಹಸನ್ ಸಿಗರೇಟಿನೊಂದಿಗೆ ಬಂದ ಮೂರು ಮಡಿಕೆಯ ಕಾರ್ಡುಗಳ ಸರಣಿಗೆ ಟಿ202 ಎಂದು ಹೆಸರು. ಎಚ್-ಎ-ಎಸ್-ಎಸ್-ಎ-ಎನ್ ಎಂಬ ಅದರ ಕಾಗುಣಿತವೂ ನಮ್ಮ ಹಾಸನ ಜಿಲ್ಲೆಯ ಇಂಗ್ಲಿಷ್ ಕಾಗುಣಿತವೂ ಅಕ್ಷರಶಃ ಒಂದೇ. ಹಾಸನದ ಬಸ್ಸಿನ ಫಲಕ ನೋಡಿ ಬೆಳೆದವರು ಈ ಕಾರ್ಡನ್ನು ‘ಹಾಸನ ಟ್ರಿಪಲ್ ಫೋಲ್ಡರ್’ ಎಂದು ಓದದೆ ಇರುವುದು ಬಹಳ ಕಷ್ಟ. ಅಮೆರಿಕದವರು ಇದನ್ನು ‘ಹಸಾನ್’ ಎಂದೋ ‘ಹ್ಯಾಸನ್’ ಎಂದೋ ಹೇಳುತ್ತಾರೆ.

ಸ್ವೀಟ್ ಕ್ಯಾಪೊರಲ್ ಎಂಬುದು ಟಿ206ರಲ್ಲಿ ಪೀಡ್‌ಮಾಂಟಿನ ನಂತರ ಅತಿ ಸಾಮಾನ್ಯವಾದ ಬೆನ್ನು. ಕ್ಯಾಪೊರಲ್ ಎಂದರೆ ಫ್ರೆಂಚರಲ್ಲಿ ಒಂದು ಬಗೆಯ ತಂಬಾಕು. ಆ ಪದಕ್ಕೂ ಸೈನ್ಯದ ಕಾರ್ಪೊರಲ್ ಹುದ್ದೆಗೂ ಬೇರು ಒಂದೇ. ಆದರೂ ಕಾರ್ಡಿನ ಹೆಸರಿನಲ್ಲಿ ನಡುವೆ ರೇಫವಿಲ್ಲ, ಅದನ್ನು ತುರುಕಬಾರದು. ಬಳಕೆಯಲ್ಲಿ ಎಲ್ಲರೂ ‘ಸ್ವೀಟ್ ಕ್ಯಾಪ್’ ಎಂದು ಮೊಟಕುಮಾಡುತ್ತಾರೆ. ಪೀಡ್‌ಮಾಂಟಿನ ಮೊದಲ ಮೂರಕ್ಷರ ತಿನ್ನುವ ‘ಪೈ’ಯನ್ನು ಹೋಲುವುದರಿಂದ ‘ಪೈಡ್‌ಮಾಂಟ್’ ಎಂಬ ತಪ್ಪು ಆಗುತ್ತದೆ. ‘ಸಾವ್ರಿನ್’ ಎಂಬ ಬ್ರ್ಯಾಂಡಿನಲ್ಲಿ ಬರೆದಿರುವ ಜಿ ಅಕ್ಷರಕ್ಕೆ ದನಿಯೇ ಇಲ್ಲ.

ಎಲ್ ಪ್ರಿನ್ಸಿಪೆ ದೆ ಗಾಲೆಸ್ ಎಂಬ ಸ್ಪ್ಯಾನಿಷ್ ಹೆಸರಿಗೆ ವೇಲ್ಸ್‌ನ ರಾಜಕುಮಾರ ಎಂದು ಅರ್ಥ. ಇಷ್ಟುದ್ದದ ಹೆಸರನ್ನು ಹೇಳಲು ಹೆದರುವ ಅಮೆರಿಕದ ಸಂಗ್ರಾಹಕರು ‘ಈ ಪೀ ಡೀ ಜೀ’ ಎಂದು ಮುಗಿಸುತ್ತಾರೆ. ಕನ್ನಡಿಗರು ಹೆದರಬೇಕಿಲ್ಲ. ಸ್ಪ್ಯಾನಿಷಿನ ಪಕಾರ ನಮ್ಮ ಪಕಾರದಂತೆಯೇ ಉಸಿರು ಚೆಲ್ಲದ್ದು, ದಕಾರ ನಮ್ಮ ದಕಾರದಂತೆಯೇ ಹಲ್ಲಿಗೆ ತಾಗುವಂಥದ್ದು, ಸ್ವರಗಳು ಬರೆದ ಹಾಗೆಯೇ ನುಡಿಯುವಂಥವು.

1934ರಿಂದ 1936ರವರೆಗೆ ‘ಡೈಮಂಡ್ ಸ್ಟಾರ್ಸ್’ ಎಂಬ ಚೆಂದದ ಕಾರ್ಡುಗಳನ್ನು ತಂದ ಕಂಪನಿಯ ಹೆಸರು ನ್ಯಾಷನಲ್ ಚಿಕಲ್. ಸಿ-ಎಚ್ ನೋಡಿ ‘ಕಿಕಲ್’ ಎನ್ನಬಾರದು, ‘ಚೈಕಲ್’ ಎಂದೂ ಎಳೆಯಬಾರದು. ‘ಚಿಕಲ್’, ಸ್ಪ್ಯಾನಿಷಿನ ಒಲವಿದ್ದವರಿಗೆ ‘ಚಿಕ್ಲೆ’. ಹಿಂದೆ ಚೂಯಿಂಗ್ ಗಮ್ಮನ್ನು ಒಂದು ಮರದ ಹಾಲನ್ನು ಕಾಯಿಸಿ ಮಾಡುತ್ತಿದ್ದರು, ಆ ಹಾಲಿಗೆ ಚಿಕಲ್ ಎಂದು ಹೆಸರು. ಮರ ಬೇರೆ ಯಾವುದೂ ಅಲ್ಲ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಿಂದ ನಮ್ಮಲ್ಲಿಗೆ ಬಂದ ಸಪೋಟ. ಕಾಯಿ ಕಿತ್ತಾಗ ತೊಟ್ಟಿನಿಂದ ಒಸರಿ ಬೆರಳಿಗೆ ಅಂಟುವ ಬಿಳಿಯ ಹಾಲು ಅದೇ. ಹಣ್ಣನ್ನು ಚಿಕ್ಕು ಎಂದು ಕರೆಯುವವರಿಗೆ ಚಿಕಲ್ ಎಂಬುದು ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಆರನೆಯ ಹಂತ: ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವುದು

ಒಂದು ಸಣ್ಣ ನೋಟುಪುಸ್ತಕದಲ್ಲಿ ಪ್ರತಿ ಹೆಸರನ್ನೂ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಉಚ್ಚಾರಣೆಯನ್ನು ತೀರ್ಮಾನಿಸದೆ ತಪ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ಬರೆಯಬೇಕಾದರೆ ಗೌ ಅಥವಾ ಗೂ, ಗಿ ಅಥವಾ ಜಿ ಎಂದು ಅಲ್ಲಿಯೇ ತೀರ್ಮಾನಿಸಲೇಬೇಕು. ಈ ಬಲವಂತವೇ ಅಭ್ಯಾಸಕ್ಕೆ ಒಳ್ಳೆಯದು.

ಲಿಪಿಗೆ ಕೊರತೆಗಳೂ ಇವೆ. ‘ಕ್ಯಾಪ್’ ಎಂಬಲ್ಲಿನ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಯಕಾರದ ಒತ್ತು ಕೊಟ್ಟು ದೀರ್ಘ ಎಳೆದು ಬರೆಯುತ್ತೇವೆ, ಓದುವಾಗ ಮಾತ್ರ ಯಕಾರವನ್ನು ನುಡಿಯದೆ ಬಾಯಿಯನ್ನು ಅಗಲಿಸಬೇಕು. ಯೂಜ಼ಿಟ್ ಎಂಬಲ್ಲಿ ಬರುವ ಜೇನುಹುಳದ ಗುಂಯ್‌ಗುಟ್ಟುವಿಕೆಯಂಥ ದನಿಗೆ ಜಕಾರದ ಕೆಳಗೆ ಚುಕ್ಕೆಗಳನ್ನಿಡಿ, ಫ್ಲೀರ್ ಎಂಬುದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕೆಂಬುದನ್ನು ಪಕ್ಕದಲ್ಲಿ ಬರೆದಿಡಿ. ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆಯಿರಿ: ಡಾನ್‌ರಸ್ ಎಂಬಲ್ಲಿ ಡಾನ್, ಗಿಂಟರ್ ಎಂಬಲ್ಲಿ ಗಿನ್. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮಾನ ತೂಕ ಕೊಡುವ ನಮಗೆ ಈ ಗೆರೆಯ ಉಪಯೋಗ ದೊಡ್ಡದು. ಪದದ ಕೊನೆಯಲ್ಲಿ ಉಕಾರ ಸೇರಿಸುವ ಅಭ್ಯಾಸವನ್ನೂ ಗಮನಿಸಿಕೊಳ್ಳಿ. ಮನೆಯಲ್ಲಿ ಟಾಪ್ಸ್ ಕಂಪನಿಗೆ ‘ಟಾಪ್ಸು’, ಲೀಫ್ ಎಂಬ ಇನ್ನೊಂದು ಗಮ್ ಕಂಪನಿಗೆ ‘ಲೀಫು’ ಎಂದರೆ ಅಡ್ಡಿಯಿಲ್ಲ, ಮೇಜಿನ ಮುಂದೆ ‘ಟಾಪ್ಸ್’, ‘ಲೀಫ್’ ಎಂದು ಅಲ್ಲಿಯೇ ನಿಲ್ಲಿಸಬೇಕು.

ಬರೆಯಲು ಬೇಕಾದ ದನಿಗಳನ್ನು ಎಲ್ಲಿ ಕೇಳುವುದು? ಹರಾಜು ನಡೆಸುವವರು ಕಾರ್ಡಿನ ಹೆಸರನ್ನು ಗಟ್ಟಿಯಾಗಿ, ಪೂರ್ತಿಯಾಗಿ ಹೇಳುತ್ತಾರೆ. ಅವರ ವಿಡಿಯೋಗಳು ಒಳ್ಳೆಯ ಪಾಠ. ಅದಕ್ಕಿಂತ ಒಳ್ಳೆಯದು ಊರಿನ ಸಭಾಂಗಣಗಳಲ್ಲಿ ನಡೆಯುವ ಸಣ್ಣ ಪ್ರದರ್ಶನಗಳು. 1980ರಿಂದ ವರ್ಷಕ್ಕೊಮ್ಮೆ ನಡೆಯುವ ‘ನ್ಯಾಷನಲ್’ ಸಮಾವೇಶಕ್ಕೆ ಹೋದರೆ ದೇಶದ ಎಲ್ಲ ಭಾಗಗಳ ದನಿಯೂ ಒಂದೇ ಸೂರಿನಡಿ ಸಿಗುತ್ತದೆ. ಒಬ್ಬರಿಂದ ಕೇಳಿದ್ದನ್ನೇ ಅಂತಿಮವೆಂದು ಬರೆಯಬೇಡಿ, ಮೂವರಿಂದ ಕೇಳಿ.

ಏಳನೆಯ ಹಂತ: ಎರಡು ಉಚ್ಚಾರಣೆಗಳಿದ್ದಾಗ

ಕೆಲವು ಕಡೆ ಎರಡೂ ಸರಿ. ಇ ಸರಣಿಯ ಕಾರ್ಡುಗಳನ್ನು ಕೊಟ್ಟ ಅಮೆರಿಕನ್ ಕ್ಯಾರಮೆಲ್ ಕಂಪನಿಯ ಹೆಸರಿನ ನಡುವಿನ ಪದವನ್ನು ಅಮೆರಿಕದ ಕೆಲವು ಭಾಗಗಳಲ್ಲಿ ‘ಕ್ಯಾರಮೆಲ್’ ಎಂದು ಮೂರು ತುಂಡಾಗಿಯೂ ಬೇರೆ ಭಾಗಗಳಲ್ಲಿ ‘ಕಾರ್ಮಲ್’ ಎಂದು ಎರಡು ತುಂಡಾಗಿಯೂ ಹೇಳುತ್ತಾರೆ. ಇದು ಪ್ರಾದೇಶಿಕ ಭೇದ. ಧಾರವಾಡದವರನ್ನು ಮಂಗಳೂರಿನವರು ತಿದ್ದಲು ಹೋಗದ ಹಾಗೆ ಇಲ್ಲಿಯೂ ತಿದ್ದಲು ಹೋಗಬಾರದು. ಟಿ206ರ ಅತಿ ಬೆಲೆಯುಳ್ಳ ಕಾರ್ಡಿನ ಆಟಗಾರ ವ್ಯಾಗ್ನರ್ ಅವರ ಮೊದಲ ಹೆಸರನ್ನು ಹೆಚ್ಚಿನವರು ‘ಹೋನಸ್’ ಎನ್ನುತ್ತಾರೆ. ಜರ್ಮನ್ ಮೂಲದ ಯೊಹಾನೆಸ್ ಎಂಬುದರಿಂದ ಬಂದ ಅಡ್ಡಹೆಸರಾದ್ದರಿಂದ ‘ಹಾನಸ್’ ಎಂಬುದೇ ಹೆಚ್ಚು ಹತ್ತಿರವೆಂದು ವಾದಿಸುವವರಿಗೂ ಆಧಾರವಿದೆ. ನಾನು ಹೋನಸ್ ಎನ್ನುತ್ತೇನೆ, ಗುಂಪಿನೊಂದಿಗೆ ಹೋಗುವುದು ಸುಲಭವೆಂಬ ಒಂದೇ ಕಾರಣಕ್ಕೆ.

ಗಿಂಟರ್ ವಿಷಯದಲ್ಲಿ ನಾನು ಅಷ್ಟು ಸಡಿಲನಲ್ಲ, ಏಕೆಂದರೆ ಅಲ್ಲಿ ಒಂದು ಊರೇ ಸಾಕ್ಷಿಗೆ ನಿಂತಿದೆ. ಆದರೂ ಎದುರಿನವರು ಜಿಂಟರ್ ಎಂದರೆ ಅವರ ಮಾತನ್ನು ತಡೆಯುವುದಿಲ್ಲ. ನನ್ನ ಸರದಿ ಬಂದಾಗ ಗಿಂಟರ್ ಎಂದು ಹೇಳಿ ಮುಂದುವರಿಯುತ್ತೇನೆ. ಕಾರ್ಡು ಮಾರುವವರ ಎದುರು ಅವರ ಉಚ್ಚಾರಣೆಯನ್ನು ತಿದ್ದಿ, ಅನಂತರ ಬೆಲೆ ಇಳಿಸಲು ಕೇಳುವುದು ವ್ಯವಹಾರಜ್ಞಾನವೂ ಅಲ್ಲ.

ಕೊನೆಗೆ ಒಂದು ಪೂರ್ಣ ವಾಕ್ಯವನ್ನು ಬಾಯಿಪಾಠ ಮಾಡಿ. 1933ರ ಗೌಡಿ ಸರಣಿಯಲ್ಲಿ ಬೇಬ್ ರೂಥ್ ಅವರದು ನಾಲ್ಕು ಕಾರ್ಡುಗಳಿವೆ: 53, 144, 149, 181. ಆದ್ದರಿಂದ ‘ಗೌಡಿ ರೂಥ್’ ಎಂದಷ್ಟೇ ಕೇಳಿದರೆ ಯಾವುದು ಎಂಬ ಮರುಪ್ರಶ್ನೆ ಖಂಡಿತ ಬರುತ್ತದೆ. ‘ಥರ್ಟಿ-ತ್ರೀ ಗೌಡಿ, ರೂಥ್, ನಂಬರ್ ಒನ್ ಫಾರ್ಟಿ-ಫೋರ್’ ಎಂದು ಹೇಳಿ. ವರ್ಷ ಮತ್ತು ಗೌಡಿ ಒಂದೇ ಉಸಿರಿನಲ್ಲಿ ಬರಲಿ, ಗೌಡಿಯ ನಂತರ ಚಿಕ್ಕದೊಂದು ನಿಲುಗಡೆ ಇರಲಿ, ‘ಗೌ’ ಮೇಲೆ ಒತ್ತು ಬೀಳಲಿ, ಸಂಖ್ಯೆಯನ್ನು ಅವಸರಿಸದೆ ಹೇಳಿ. ಕಾರ್ಡು ನಿಮ್ಮ ಮುಂದೆ ಬಂದ ಮೇಲೆ ಬೆನ್ನು ತಿರುವಿ, ಹಸಿರು ಅಕ್ಷರಗಳಲ್ಲಿ ಅದೇ ಸಂಖ್ಯೆ ಇದೆಯೇ ಎಂದು ನೋಡಿಕೊಂಡು, ಆಮೇಲೆ ಬೆಲೆ ಕೇಳಿ.